ಸೋರುವ ನೆನಪು, ಅಳೆಯುವ ಹಗ್ಗ

ನೆನಪೆಂಬುದು ಪೆಟ್ಟಿಗೆಯಲ್ಲಿಟ್ಟ ಒಡವೆಯಂತೆ ಇಟ್ಟಲ್ಲೇ ಇರುವ ವಸ್ತುವೆಂದು ನಾವು ಭಾವಿಸುತ್ತೇವೆ. ಕಲಿತ ಪಾಠ ಉಳಿದೀತು, ಪಡೆದ ದೀಕ್ಷೆ ನಿಂತೀತು, ಹಿರಿಯರ ಆಚಾರ ಮನೆತನದಲ್ಲಿ ತಾನಾಗಿಯೇ ಮುಂದುವರಿದೀತು ಎಂಬ ನೆಮ್ಮದಿ ನಮ್ಮದು. ಈ ನೆಮ್ಮದಿಯ ಬಗೆಗೆ ನನ್ನನ್ನು ಮರುಚಿಂತನೆಗೆ ಹಚ್ಚಿದುದು ಯಾವ ಶಾಸ್ತ್ರಗ್ರಂಥವೂ ಅಲ್ಲ. ಔರಾದ ತಾಲ್ಲೂಕಿನ ರೈತ ಮನೆತನದ ತರುಣನೊಬ್ಬ ಬೀದರಿನಲ್ಲಿ ಓದುತ್ತಿರುವಾಗ ತನ್ನ ಬಾಡಿಗೆ ಕೋಣೆಯಲ್ಲಿ ಕಟ್ಟಿದ ಗಣಕಯಂತ್ರ.

ಅದು ಅಂಕೆಗಳಿಂದ ನಡೆಯುವ ಇಂದಿನ ಕಂಪ್ಯೂಟರ್ ಅಲ್ಲ. ಅನಲಾಗ್, ಅಂದರೆ ಸಾದೃಶ್ಯ ಗಣಕ. ಒಂದು ವಸ್ತುವಿನ ನಡೆಯನ್ನು ಅದರಂತೆಯೇ ನಡೆಯುವ ಇನ್ನೊಂದರಿಂದ ತಿಳಿಯುವುದು ಅದರ ತತ್ತ್ವ. ಈ ವಿದ್ಯೆ ನಮ್ಮ ನಾಡಿಗೆ ಹೊಸತೂ ಅಲ್ಲ. 1950ರ ದಶಕದ ನಡುವೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಅತಿಥಿಯಾಗಿ ಬಂದಿದ್ದ ಅಮೆರಿಕದ ವಿನ್ಸೆಂಟ್ ರೈಡೌಟ್ ಎಂಬ ಪ್ರಾಧ್ಯಾಪಕರು ಅಲ್ಲಿಯವರೊಡಗೂಡಿ ‘ಪ್ರೀಡಾ’ ಎಂಬ ಇಂಥದೇ ಗಣಕವನ್ನು ನಡೆಸಿದ್ದರು.

ರಜೆಯಲ್ಲಿ ಊರಿಗೆ ಹೊರಟಾಗ ತರುಣನು ಭಾಲ್ಕಿಯಲ್ಲಿಳಿದು ಯಂತ್ರವನ್ನು ನನ್ನ ಮುಂದಿಟ್ಟನು. “ಮುತ್ಯಾ, ನಮ್ಮ ಹೊಲದ ಬಾವಿನೇ ಇದರಾಗ ಅದ” ಎಂದನು. ಮನೆಯಲ್ಲಿ ಆಗ ಒಂದು ಚಿಂತೆಯಿತ್ತು. ತಂದೆ ಸಾಲ ತೆಗೆದು ಕಬ್ಬು ಹಚ್ಚಲು ಮನಸ್ಸು ಮಾಡಿದ್ದರು. ಬಾವಿಯ ನೀರು ಎಲ್ಲಿಯವರೆಗೆ ಬಂದೀತೆಂಬುದು ಯಾರಿಗೂ ತಿಳಿಯದು.

ನಲವತ್ತು ಅಡಿ ನೀರಿಗೆ 10 ವೋಲ್ಟ್, ಒಂದು ದಿನಕ್ಕೆ ಒಂದು ಸೆಕೆಂಡು ಎಂದು ಅವನು ಅಳತೆ ಕಟ್ಟಿಕೊಂಡಿದ್ದನು. ಸೆಲೆಯಿಂದ ಬರುವ ನೀರಿಗೆ ಒಂದು ತಿರುಗುಗುಂಡಿ, ಪಂಪು ಎಳೆಯುವ ನೀರಿಗೆ ಮತ್ತೊಂದು. ಎರಡರ ಅಂತರವು ಒಂದು ಕೆಪ್ಯಾಸಿಟರಿನಲ್ಲಿ ವಿದ್ಯುತ್ತಾಗಿ ತುಂಬುತ್ತದೆ ಅಥವಾ ಇಳಿಯುತ್ತದೆ. ಮೀಟರಿನ ಮುಳ್ಳು ನೀರಿನ ಮಟ್ಟವನ್ನು ತೋರಿಸುತ್ತದೆ. ಮುಂಗಾರು ಮುಗಿದಾಗ ಉಳಿದ ಮಟ್ಟವನ್ನು ನೆನಪಿಡಲು ಬೇರೊಂದು ಕೆಪ್ಯಾಸಿಟರ್. ಹಿಂಗಾರಿಗೆ ಕಡಲೆ ಬಿತ್ತಿದರೆ ಹೇಗೆ, ಕಬ್ಬು ಹಚ್ಚಿದರೆ ಹೇಗೆ ಎಂಬ ಎರಡೂ ಲೆಕ್ಕಗಳು ಅದೇ ಮಟ್ಟದಿಂದ ಆರಂಭವಾಗಬೇಕು.

ಇಲ್ಲಿಯೇ ತೊಡಕು. ಕೆಪ್ಯಾಸಿಟರ್ ಸೋರುತ್ತದೆ. ಅವನದು ಒಂದು ಮೈಕ್ರೊಫ್ಯಾರಡ್ ಅಳತೆಯದು. ಆಂಪಿಯರಿನ ನೂರು ಕೋಟಿಯಲ್ಲೊಂದು ಭಾಗ ವಿದ್ಯುತ್ತು ಸೋರಿದರೂ ಸೆಕೆಂಡಿಗೆ ಒಂದು ಮಿಲಿವೋಲ್ಟ್ ಇಳಿಯುತ್ತದೆ. ಕಡಲೆಯ 120 ದಿನಗಳ ಲೆಕ್ಕ ಎರಡು ನಿಮಿಷದಲ್ಲಿ ಮುಗಿಯುವಷ್ಟರಲ್ಲಿ ನೆನಪಿನ ಬಾವಿಯಿಂದ ಸುಮಾರು ಅರ್ಧ ಅಡಿ ನೀರು ಮಾಯ! ಹತ್ತು ಪಟ್ಟು ದೊಡ್ಡದಾದ, ಕಡಿಮೆ ಸೋರುವ ಪಾಲಿಪ್ರೊಪಿಲೀನ್ ಕೆಪ್ಯಾಸಿಟರ್ ಹಾಕಿದ ಮೇಲೆ ಸೋರಿಕೆ ಹತ್ತರಲ್ಲೊಂದು ಪಾಲಿಗಿಳಿಯಿತು. ಆದರೆ ನಿಲ್ಲಲಿಲ್ಲ.

ಅಮೆರಿಕದ ಅಟನಾಸಾಫ್ ಎಂಬ ವಿಜ್ಞಾನಿ ತಮ್ಮ ಶಿಷ್ಯ ಬೆರಿಯೊಡನೆ 1939ರಿಂದ 1942ರವರೆಗೆ ರೂಪಿಸಿದ ಗಣಕದಲ್ಲಿಯೂ ಕೆಪ್ಯಾಸಿಟರುಗಳೇ ನೆನಪು. ಅವನ್ನು ಜೋಡಿಸಿದ್ದ ಉರುಳೆ ಸುತ್ತಿದಂತೆಲ್ಲ ಸೋರಿದುದನ್ನು ಮತ್ತೆ ತುಂಬಲಾಗುತ್ತಿತ್ತು. “ಹಾಗೆ ನೀನೂ ತುಂಬಬಾರದೇಕೆ?” ಎಂದು ಕೇಳಿದೆ. “ಅಲ್ಲಿ ಇರೋದು ಹೌದು, ಅಲ್ಲ ಎರಡೇ, ಮುತ್ಯಾ. ಮಸುಕಾದ್ರೂ ಯಾವುದಂತ ಗೊತ್ತಾಗ್ತದ, ಮತ್ತ ಬರೀಬಹುದು. ನನ್ನ ಮಟ್ಟ ಇಳಿದ್ರ ಮೊದಲು ಎಷ್ಟಿತ್ತಂತ ಅದಕ್ಕೇ ಗೊತ್ತಿಲ್ಲ. ಹಗ್ಗ ಹಿಡಕೊಂಡು ಬಾವಿಗೇ ಹೋಗಬೇಕು” ಎಂದನು.

ಮಠದಲ್ಲಿ ವರ್ಷಗಟ್ಟಲೆ ಓದಿದ ನನಗೆ ಆ ಮಾತು ಹೊಸ ಬೆಳಕಾಯಿತು. ನಮ್ಮ ಪರಂಪರೆಯಲ್ಲಿಯೂ ನೆನಪು ಎರಡು ಬಗೆಯದು. ಒಂದು ಅಕ್ಷರದ ನೆನಪು. ಫ. ಗು. ಹಳಕಟ್ಟಿಯವರು ಮನೆ ಮಠಗಳ ತಾಳೆಯೋಲೆಗಳನ್ನು ಅರಸಿ 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಿದರು. ನಿಜಾಮರ ಕಾಲದಲ್ಲಿ ಹೊರಗೆ ಉರ್ದು ಹಲಗೆ ಹಾಕಿ ಒಳಗೆ ಕನ್ನಡ ಕಲಿಸಿದವರು ನಮ್ಮ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು. ಸೋರುತ್ತಿದ್ದ ಅಕ್ಷರವನ್ನು ಇಂಥವರು ಮತ್ತೆ ತುಂಬಿದರು. ಅಕ್ಷರ ಹಾಗೆ ತುಂಬಲು ಬರುವಂಥದು.

ಇನ್ನೊಂದು ಅನುಭಾವದ ನೆನಪು. ಅದರ ಮಟ್ಟವನ್ನು ತಂದೆಯಿಂದ ಮಗ ನಕಲು ಮಾಡಿಕೊಳ್ಳಲು ಬಾರದು. ನಕಲು ಮಾಡಿದರೆ ಸೋರಿಕೆಯೂ ಕೂಡಿಯೇ ಬರುತ್ತದೆ. ಇಷ್ಟಲಿಂಗವನ್ನು ಪ್ರತಿಯೊಬ್ಬರ ಅಂಗೈಗೆ ಕೊಟ್ಟು, ಒಬ್ಬರ ಪೂಜೆಯನ್ನು ಮತ್ತೊಬ್ಬರಿಂದ ಮಾಡಿಸದಂತೆ ಶರಣರು ವಿಧಿಸಿದ ಮರ್ಮ ಇದೇ ಎಂದು ನಾನು ತಿಳಿಯುತ್ತೇನೆ. ನಿತ್ಯಪೂಜೆಯೆಂಬುದು ನಿನ್ನೆಯ ಭಕ್ತಿಯ ನಕಲಲ್ಲ, ಇಂದಿನ ಮಟ್ಟವನ್ನು ತಾನೇ ಅಳೆದುಕೊಳ್ಳುವ ಹಗ್ಗ.

ಆ ಮನೆಯವರು ವಾರಕ್ಕೊಮ್ಮೆ ಹಗ್ಗವಿಳಿಸಿ ಅಳೆದು ಯಂತ್ರಕ್ಕೆ ಹೊಸ ಮಟ್ಟ ಕೊಟ್ಟರು. ಕಬ್ಬಿನ ಲೆಕ್ಕದಲ್ಲಿ ಮುಳ್ಳು ಪ್ರತಿಸಲವೂ ಬೇಸಿಗೆಗೆ ಮೊದಲೇ ತಳ ಮುಟ್ಟಿತು. ತಂದೆ ಸಾಲದ ಯೋಚನೆ ಬಿಟ್ಟು ಕಡಲೆ ಬಿತ್ತಿದರು.

ಮಕ್ಕಳಿಗೆ ದೀಕ್ಷೆ ಮಾಡಿಸಿ, ಕರಡಿಗೆಯನ್ನು ಬೀರುವಿನಲ್ಲಿಟ್ಟು ನಿಶ್ಚಿಂತರಾದ ಮನೆಗಳು ಇಂದು ನಮ್ಮಲ್ಲಿ ಕಡಿಮೆಯಿಲ್ಲ. ಬೀರುವಿಗೆ ಬೀಗ ಹಾಕಿದರೆ ಬೆಳ್ಳಿ ಉಳಿದೀತು, ನೆನಪು ಉಳಿಯದು. ಮಕ್ಕಳ ಕೈಗೆ ಹಗ್ಗ ಕೊಡೋಣ. ಬಾವಿ ಎಲ್ಲಿದೆಯೆಂದು ತೋರಿಸೋಣ. ಅಳೆಯುವ ಕಾಯಕ ಅವರದು.