ತುತ್ತಿನ ಹಿಂದಿನ ನೆಲ

ಕಳೆದ ವರ್ಷ ಸೀಗೆ ಹುಣ್ಣಿಮೆಗೆ ಬರಬೇಕೆಂದು ಸೊರಬ ತಾಲ್ಲೂಕಿನ ಹಳ್ಳಿಯಲ್ಲಿರುವ ತಂಗಿಯ ಮನೆಯಿಂದ ಕರೆ ಬಂದಿತ್ತು. ಶಿಕಾರಿಪುರದ ಮಾರ್ಗವಾಗಿ ಹೊರಟೆವು. ಹತ್ತು ವರ್ಷದ ಮೊಮ್ಮಗಳೂ ಜೊತೆಯಲ್ಲಿದ್ದಳು. ಹಿಂದಿನ ರಾತ್ರಿ ತಟ್ಟೆಯಲ್ಲಿ ಅನ್ನ ಬಿಟ್ಟು ಎದ್ದುದಕ್ಕಾಗಿ ಅವಳನ್ನು ಗದರಿದ್ದೆ. ‘ಅನ್ನ ದೇವರು’ ಎಂದು ಹೇಳಿದ್ದೆನೇ ಹೊರತು, ಆ ದೇವರು ಬಂದ ದಾರಿಯನ್ನು ಹೇಳಿರಲಿಲ್ಲ.

ಶಿಕಾರಿಪುರ ತಾಲ್ಲೂಕಿನ ಮಣ್ಣು ಶರಣರ ಪಾದಧೂಳಿಯಿಂದ ಪುನೀತವಾದುದು. ಬಳ್ಳಿಗಾವಿ ಅಲ್ಲಮಪ್ರಭುಗಳ ಊರು. ಉಡುತಡಿ ಅಕ್ಕಮಹಾದೇವಿಯ ಊರು. ಹಿರೇಜಂಬೂರು ಶರಣೆ ಸತ್ಯಕ್ಕನ ಊರು. ಲಂಚವಂಚನೆಗೆ ಕೈಯೊಡ್ಡುವುದಿಲ್ಲ, ದಾರಿಯಲ್ಲಿ ಬಿದ್ದ ಹೊನ್ನನ್ನೂ ಮುಟ್ಟುವುದಿಲ್ಲ ಎಂಬ ನಿಷ್ಠೆ ಆಕೆಯದು. ಉಣ್ಣುವ ಅನ್ನದ ಮೂಲವನ್ನು ವಿಚಾರಿಸುವುದಕ್ಕೆ ಇದಕ್ಕಿಂತ ದೊಡ್ಡ ಪಾಠ ಬೇಕೆ? ಆಯ್ದಕ್ಕಿ ಮಾರಯ್ಯನವರು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬನ್ನಿರೆಂದು ಲಕ್ಕಮ್ಮ ಹಿಂದಕ್ಕೆ ಕಳುಹಿಸಿದ ಪ್ರಸಂಗವೂ ನಮ್ಮ ಮನೆಗಳಲ್ಲಿ ಎಲ್ಲರಿಗೂ ತಿಳಿದದ್ದೇ.

ಬಳ್ಳಿಗಾವಿಯಲ್ಲಿ ಕೇದಾರೇಶ್ವರನ ದರ್ಶನ ಮಾಡಿದೆವು. ಈ ದೇವಾಲಯಕ್ಕೆ ಸೇರಿದ್ದ ಕೋಡಿಯಮಠ ಕಾಳಾಮುಖ ಯತಿಗಳ ಮಹಾ ವಿದ್ಯಾಕೇಂದ್ರವಾಗಿತ್ತು. ಕೆರೆಯ ಕೋಡಿಯ ಬಳಿ ಇದ್ದುದರಿಂದ ಆ ಹೆಸರು. 1162ರ ಶಾಸನವೊಂದು ಈ ಮಠವನ್ನು ವಿಸ್ತಾರವಾಗಿ ವರ್ಣಿಸುತ್ತದೆ. ವೇದ, ವ್ಯಾಕರಣ, ದರ್ಶನಗಳ ಪಾಠ ಅಲ್ಲಿ ನಡೆಯುತ್ತಿತ್ತು. ರೋಗಿಗಳಿಗೆ ಚಿಕಿತ್ಸೆ ದೊರೆಯುತ್ತಿತ್ತು. ದೀನರಿಗೆ, ಅನಾಥರಿಗೆ, ಕುಂಟರಿಗೆ, ಕುರುಡರಿಗೆ, ಕಲಾವಿದರಿಗೆ, ನಾನಾ ದೇಶಗಳ ಭಿಕ್ಷುಕರಿಗೆ ಅನ್ನ ಸಿಗುತ್ತಿತ್ತು. ಇದನ್ನು ವಿವರಿಸುತ್ತಿರುವಾಗ ಮೊಮ್ಮಗಳು ಕೇಳಿದಳು:

‘‘ಅಜ್ಜ, ಅಷ್ಟೊಂದು ಜನಕ್ಕೆ ಅಕ್ಕಿ ಎಲ್ಲಿಂದ ಬರುತ್ತಿತ್ತು?’’

ಅರಸರು, ದಾನಿಗಳು ಭೂಮಿಯನ್ನು ದತ್ತಿ ಬಿಡುತ್ತಿದ್ದರು ಎಂದೆ. ಆದರೆ ದತ್ತಿ ಕೊಟ್ಟವರ ಹೆಸರು ಕಲ್ಲಿನ ಮೇಲೆ ನಿಂತಿತು. ಆ ಭೂಮಿಯನ್ನು ಉತ್ತವರ, ನಾಟಿ ಮಾಡಿದವರ ಹೆಸರು ಎಲ್ಲಿಯೂ ಇಲ್ಲ. ಸಮೀಪದ ತಾಳಗುಂದದಲ್ಲಿ ಕದಂಬರ ಕಾಲದ ಸ್ತಂಭಶಾಸನವಿದೆ. ಕಾಕುಸ್ಥವರ್ಮನು ಅಲ್ಲಿ ಕೆರೆಯನ್ನು ಕಟ್ಟಿಸಿದುದನ್ನು ಅದು ಹೇಳುತ್ತದೆ. ಒಂದೂವರೆ ಸಾವಿರ ವರ್ಷಗಳಿಂದ ಈ ಸೀಮೆಯಲ್ಲಿ ಅನ್ನವೆಂದರೆ ಮೊದಲು ಕೆರೆ, ಅನಂತರ ಗದ್ದೆ, ಕಡೆಗೆ ಎಲೆ.

ಸಂಜೆಗೆ ತಂಗಿಯ ಮನೆ ಸೇರಿದೆವು. ಸೀಗೆ ಹುಣ್ಣಿಮೆಯನ್ನು ಈ ಭಾಗದಲ್ಲಿ ಭೂಮಿ ಹುಣ್ಣಿಮೆ ಎನ್ನುತ್ತಾರೆ. ಭತ್ತ ಹೊಡೆಯಾಗುವ ಕಾಲ, ಭೂಮಿತಾಯಿ ಗರ್ಭಿಣಿ. ಆಕೆಯ ಬಯಕೆ ತೀರಿಸುವುದೇ ಹಬ್ಬ. ದೀವರ ಮನೆಗಳ ಹೆಣ್ಣುಮಕ್ಕಳು ಬುಟ್ಟಿಗೆ ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನ ಬಿಳಿಯಲ್ಲಿ ಚಿತ್ತಾರ ಬರೆದು ಭೂಮಣ್ಣಿ ಬುಟ್ಟಿಯನ್ನು ಸಿದ್ಧಪಡಿಸುತ್ತಾರೆ. ರಾತ್ರಿಯೆಲ್ಲ ಎದ್ದು ಕಡುಬು, ಬಗೆಬಗೆಯ ಸೊಪ್ಪುಗಳ ಅಡಿಗೆ ಮಾಡುತ್ತಾರೆ. ಬೆಳಕು ಹರಿಯುವ ಮುನ್ನ ಚರಗವನ್ನು ಹೊಲಗದ್ದೆಗೆ ಬೀರಿ, ಪೈರಿಗೆ ಪೂಜೆ ಸಲ್ಲಿಸಿ, ಭೂಮಿಗೆ ಎಡೆಯಿಟ್ಟು, ಕಾಗೆಗೂ ಪಾಲು ತೆಗೆದು, ಮನೆಮಂದಿ ಅಲ್ಲಿಯೇ ಉಣ್ಣುತ್ತಾರೆ. ತಾನು ಉಣ್ಣುವ ಮೊದಲು ಉಣಿಸಿದವಳಿಗೆ ಉಣಿಸುವ ಈ ಕ್ರಮ ದಾಸೋಹಕ್ಕೆ ಎಷ್ಟು ಹತ್ತಿರವಾದುದು!

ಮುಂಜಾನೆ ಬುಟ್ಟಿ ಹೊತ್ತು ತಂಗಿಯ ಮನೆಯವರ ಹಿಂದೆ ನಡೆದೆವು. ಹೋಗಿ ನಿಂತುದು ಅಡಿಕೆ ತೋಟದಲ್ಲಿ. ಗದ್ದೆ ತೋಟವಾಗಿ ಆರು ವರ್ಷಗಳಾಗಿದ್ದವು. ಪೂಜೆ ಯಥಾವತ್ತಾಗಿ ನಡೆಯಿತು. ಆದರೆ ಕಡುಬಿನ ಅಕ್ಕಿ ಅಂಗಡಿಯಿಂದ ಬಂದದ್ದು. ಅದನ್ನು ಬೆಳೆದ ನೆಲ ಯಾವುದೆಂದು ಅಂಗಡಿಯವರಿಗೂ ತಿಳಿಯದು. ಭಾವ ಸಂಕೋಚದಿಂದ, ‘‘ನಾಟಿಗೆ ಆಳು ಸಿಗುವುದಿಲ್ಲ, ಭತ್ತ ಅಸಲು ಹುಟ್ಟಿಸುವುದಿಲ್ಲ. ಮಕ್ಕಳ ಓದು ಅಡಿಕೆಯಿಂದಲೇ ನಡೆದಿದೆ’’ ಎಂದರು.

ಅವರನ್ನು ಆಕ್ಷೇಪಿಸುವ ಅಧಿಕಾರ ನನಗಿರಲಿಲ್ಲ. ಶಿಕಾರಿಪುರ ತಾಲ್ಲೂಕಿನಲ್ಲಿರುವ ನಮ್ಮ ತಂದೆಯವರ ಗದ್ದೆಗೂ ಶುಂಠಿ ಬೆಳೆಯಲು ಗೇಣಿ ಕೊಟ್ಟಾಗ ಒಪ್ಪಿಗೆಯ ರುಜು ಹಾಕಿದವನು ನಾನೇ. ಮಗನ ಕಾಲೇಜಿನ ಶುಲ್ಕ ಕಟ್ಟಬೇಕಿತ್ತು. ಆಮೇಲೆ ಆ ಗದ್ದೆಯಲ್ಲಿ ಮೆಕ್ಕೆಜೋಳ ಬಂದಿತು. ನಮ್ಮ ತಾಯಿ ಬದುವಿನಲ್ಲಿ ಕೊಯ್ಯುತ್ತಿದ್ದ ಸೊಪ್ಪುಗಳು ಕಳೆನಾಶಕದ ಪಾಲಾದವು. ರುಜು ಹಾಕುವ ದಿನ ಇದಾವುದೂ ನನ್ನ ಲೆಕ್ಕದಲ್ಲಿರಲಿಲ್ಲ.

ಊರಿಗೆ ಮರಳುವ ಮೊದಲು ತಮ್ಮನನ್ನು ಕಂಡು, ಕೆರೆಯ ಕೆಳಗಿನ ಹತ್ತು ಗುಂಟೆಯನ್ನಾದರೂ ಭತ್ತಕ್ಕೆ ಬಿಡಬೇಕೆಂದು ಕೇಳಿಕೊಂಡೆ. ಖರ್ಚು ನನ್ನದೆಂದೆ. ನಕ್ಕನಾದರೂ ಒಪ್ಪಿದ. ಈ ಮಳೆಗಾಲದಲ್ಲಿ ನಾಟಿಯಾಯಿತು. ಮೊಮ್ಮಗಳೂ ಒಂದು ಸಾಲು ನೆಟ್ಟಳು; ಅರ್ಧ ಸಾಲಿಗೇ ಸೊಂಟ ಹಿಡಿದು ಕುಳಿತಳು. ಲೆಕ್ಕ ಹಾಕಿದರೆ ನಷ್ಟವೇ. ಆದರೆ ಈಗ ಅವಳಿಗೆ ‘ಅನ್ನ ಬಿಡಬೇಡ’ ಎಂದು ಗದರುವ ಪ್ರಮೇಯ ಬಂದಿಲ್ಲ.

ಗದ್ದೆಯಿಲ್ಲದ ಮನೆಗಳೇ ಇಂದು ಹೆಚ್ಚು. ಅವರೂ ಅಕ್ಕಿ ಕೊಳ್ಳುವಾಗ ಊರು ಯಾವುದೆಂದು ಕೇಳಬಹುದು, ಪರಿಚಯದ ರೈತನಿಂದ ವರ್ಷಕ್ಕೊಂದು ಚೀಲವನ್ನಾದರೂ ಚೌಕಾಸಿ ಮಾಡದೆ ಕೊಳ್ಳಬಹುದು, ಹಸಿವಿನಷ್ಟೇ ಬಡಿಸಿಕೊಳ್ಳಬಹುದು. ಎಡೆಯ ಮುಂದೆ ಕುಳಿತಾಗ ಇಷ್ಟಲಿಂಗದ ನೆನಹಿನೊಡನೆ, ಕೆಸರಿನಲ್ಲಿ ಬಾಗಿ ನಿಂತ ಬೆನ್ನುಗಳ ನೆನಹೂ ಇರಲಿ.