ಮಗಳು ಓದಿದ ಹರೆಯದ ಪಾಠ

ನನ್ನ ಮಗಳು ಅಮೆರಿಕೆಯಲ್ಲಿ ಕೈತುಂಬ ಸಂಬಳದ ಸಾಫ್ಟ್‌ವೇರ್ ಕೆಲಸ ಬಿಟ್ಟು ಮತ್ತೇನನ್ನೋ ಓದಿದಳಂತೆ, ಅದೇನದು ಎಂದು ಬಂಧುಗಳಲ್ಲಿ ಅನೇಕರು ಕೇಳುತ್ತಿರುತ್ತಾರೆ. ಮದುವೆಮನೆಯ ಪಂಕ್ತಿಯಲ್ಲಿ ಎಲೆಯ ಮುಂದೆ ಕುಳಿತು ಹೇಳಿ ಮುಗಿಸುವ ವಿಷಯ ಅದಲ್ಲ. ಆದ್ದರಿಂದ ಸ್ವಲ್ಪ ವಿಸ್ತಾರವಾಗಿಯೇ ಇಲ್ಲಿ ಬರೆಯುತ್ತಿದ್ದೇನೆ. ಮೂವತ್ತನಾಲ್ಕು ವರ್ಷ ಹದಿಹರೆಯದವರ ನಡುವೆಯೇ ಕಳೆದ ನನ್ನಂಥ ಮೇಷ್ಟರಿಗೂ ಅದರಲ್ಲಿ ಕಲಿಯುವುದಿತ್ತು.

ಅವಳು ಓದಿದ್ದು ಯುವಜನರ ಬೆಳವಣಿಗೆಯ ಶಾಸ್ತ್ರ. ಅದೂ ಸ್ನಾತಕೋತ್ತರ ಪದವಿಗಾಗಿ, ಮನೆಯಲ್ಲೇ ಕುಳಿತು ಅಂತರ್ಜಾಲದ ಮೂಲಕ. ಅಮೆರಿಕದ ಮಧ್ಯಭಾಗದ ಬಯಲುಸೀಮೆಯಲ್ಲಿ ಕ್ಯಾನ್ಸಸ್, ನೆಬ್ರಾಸ್ಕ ಮೊದಲಾದ ರಾಜ್ಯಗಳ ವಿಶ್ವವಿದ್ಯಾಲಯಗಳು 'ಗ್ರೇಟ್ ಪ್ಲೇನ್ಸ್ ಐಡಿಯಾ' ಎಂಬ ಒಕ್ಕೂಟವನ್ನು ಕಟ್ಟಿಕೊಂಡಿವೆ. ವಿದ್ಯಾರ್ಥಿಯು ಒಂದು ವಿಶ್ವವಿದ್ಯಾಲಯದಲ್ಲಿ ಹೆಸರು ನೋಂದಾಯಿಸುತ್ತಾನೆ, ಪದವಿಯೂ ಅಲ್ಲಿಯದೇ. ಪಾಠಗಳನ್ನು ಮಾತ್ರ ಒಕ್ಕೂಟದ ಬೇರೆ ಬೇರೆ ವಿಶ್ವವಿದ್ಯಾಲಯಗಳ ಅಧ್ಯಾಪಕರು ಹಂಚಿಕೊಂಡು ನಡೆಸುತ್ತಾರೆ. ಒಂದೊಂದು ಊರಿನಲ್ಲೂ ಈ ವಿಷಯದ ತಜ್ಞರೆಲ್ಲರೂ ಸಿಗುವುದು ಕಷ್ಟ. ಎಲ್ಲರೂ ಕೂಡಿ ಒಂದು ತರಗತಿ ನಡೆಸುವ ಈ ಉಪಾಯ ನನಗೆ ಬಹಳ ಹಿಡಿಸಿತು.

2022ರಲ್ಲಿ ನಾನೂ ನನ್ನ ಪತ್ನಿಯೂ ಆರು ತಿಂಗಳು ಅವಳ ಮನೆಯಲ್ಲಿದ್ದೆವು. ರಾತ್ರಿ ಊಟದ ಪಾತ್ರೆಗಳು ತೊಳೆದಾದ ಮೇಲೆ ಅವಳ ತರಗತಿ ಆರಂಭ. ಗಂಟೆಯಿಲ್ಲ, ಹಾಜರಿಯಿಲ್ಲ. ವಾರಕ್ಕಿಷ್ಟು ಓದು, ಅದರ ಮೇಲೆ ಬರೆಹ, ಸಹಪಾಠಿಗಳ ಬರೆಹಕ್ಕೆ ಲಿಖಿತ ಉತ್ತರ. ಸಹಪಾಠಿಗಳೋ ಸೈನಿಕ ನೆಲೆಯೊಂದರ ಮಕ್ಕಳ ಕೇಂದ್ರದವರು, ಬಾಲಾಪರಾಧಿಗಳ ಗೃಹದಲ್ಲಿ ದುಡಿಯುವವರು, ರೈತರ ಮಕ್ಕಳ ಸಂಘ ನಡೆಸುವವರು. ಹಗಲು ಮಾಡಿದ ಕೆಲಸವನ್ನೇ ರಾತ್ರಿ ಪರೀಕ್ಷಿಸಿ ನೋಡುವವರು. ನಾನು ಬಿ.ಎಡ್. ಮಾಡುವಾಗ ನಮ್ಮಲ್ಲಿ ಬಹುಪಾಲು ಜನ ಹದಿಹರೆಯದವರಿಗೆ ಪಾಠ ಹೇಳಿಯೇ ಇರಲಿಲ್ಲ!

ಅವಳು ಈ ಓದಿಗೆ ಬಂದುದಕ್ಕೆ ಕಾರಣವಿತ್ತು. 2020ರ ಕೋವಿಡ್ ಕಾಲದಲ್ಲಿ ಶಾಲೆ ಮುಚ್ಚಿದಾಗ ನನ್ನ ಮೊಮ್ಮಗ ಹನ್ನೊಂದು ವರ್ಷದವನು. ಮೊದಲು ಮಾತು ಕಡಿಮೆಯಾಯಿತು, ಆಮೇಲೆ ಕೋಣೆಯ ಬಾಗಿಲು ಮುಚ್ಚಿತು. ಶಾಲೆ ತೆರೆದ ಮೇಲೂ ಆ ಬಾಗಿಲು ತೆರೆಯಲಿಲ್ಲ. ಅವಳು ತಿರುವಿದ ಪುಸ್ತಕಗಳಲ್ಲೆಲ್ಲ ಮಗನಲ್ಲಿ ಇಲ್ಲದ್ದರ ಪಟ್ಟಿಯೇ ಇತ್ತು. ಗಮನವಿಲ್ಲ, ಉತ್ಸಾಹವಿಲ್ಲ, ಅಂಕವಿಲ್ಲ. ಇರುವುದು ಏನೆಂದು ಕೇಳುವ ಶಾಸ್ತ್ರ ಒಂದಾದರೂ ಇದೆಯೇ ಎಂದು ಹುಡುಕಿಕೊಂಡು ಹೋದವಳಿಗೆ ಸಿಕ್ಕಿದ್ದು ಇದು.

ನಾನು ಬಿ.ಎಡ್. ಓದಿದ್ದು 1982ರಲ್ಲಿ, ಮೈಸೂರಿನಲ್ಲಿ. ಹದಿಹರೆಯವೆಂದರೆ ಬಿರುಗಾಳಿ ಮತ್ತು ಒತ್ತಡದ ಕಾಲ ಎಂದು ನಾವೆಲ್ಲ ಉರುಹೊಡೆದಿದ್ದೆವು. ಇದು ಸ್ಟ್ಯಾನ್ಲಿ ಹಾಲ್ ಎಂಬ ಅಮೆರಿಕದ ಮನೋವಿಜ್ಞಾನಿ 1904ರ ತನ್ನ ಗ್ರಂಥದಲ್ಲಿ ಮಂಡಿಸಿದ ವಿಚಾರ. ಬಿರುಗಾಳಿಯೆಂದ ಮೇಲೆ ಶಿಕ್ಷಕನ ಕೆಲಸ ಬಾಗಿಲು ಕಿಟಕಿ ಭದ್ರಪಡಿಸುವುದು ತಾನೆ? ಮಗಳು ಓದಿದ ಶಾಸ್ತ್ರ ಹೊರಡುವುದು ಇನ್ನೊಂದು ತುದಿಯಿಂದ. ಹರೆಯದ ಮಗು ಪರಿಹರಿಸಬೇಕಾದ ಸಮಸ್ಯೆಯಲ್ಲ, ಬೆಳೆಸಬೇಕಾದ ಸಂಪತ್ತು ಎನ್ನುತ್ತದೆ. ಟಫ್ಟ್ಸ್ ವಿಶ್ವವಿದ್ಯಾಲಯದ ರಿಚರ್ಡ್ ಲರ್ನರ್ ಮತ್ತು ಸಂಗಡಿಗರು 2002ರಿಂದ ಹಲವು ವರ್ಷ ಅಮೆರಿಕದ ಸಾವಿರಾರು ಮಕ್ಕಳನ್ನು ಗಮನಿಸುತ್ತ ಬಂದರು. ಬೆಳವಣಿಗೆಯನ್ನು ಅವರು ಐದು ಗುಣಗಳಲ್ಲಿ ಅಳೆದರು: ಸಾಮರ್ಥ್ಯ, ಆತ್ಮವಿಶ್ವಾಸ, ಬಾಂಧವ್ಯ, ಚಾರಿತ್ರ್ಯ, ಅನುಕಂಪ. ಈ ಐದೂ ಬಲಿತಾಗ ಆರನೆಯದು ತಾನಾಗಿ ಮೂಡುತ್ತದೆ ಎಂಬುದು ಅವರ ನಿಲುವು. ಅದೇ ಸಮಾಜಕ್ಕೆ ಕೊಡುಗೆ.

ಇನ್ನೊಂದು ಅಧ್ಯಯನವಂತೂ ನನ್ನನ್ನು ಬಹುದಿನ ಕಾಡಿತು. ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಎಮ್ಮಿ ವರ್ನರ್ ಮತ್ತು ರೂತ್ ಸ್ಮಿತ್ ದಶಕಗಳ ಕಾಲ ಹಿಂಬಾಲಿಸಿದರು. ಬಡತನ, ಕುಡುಕ ತಂದೆ, ಒಡೆದ ಸಂಸಾರ ಮುಂತಾದ ಹಲವು ಕಷ್ಟಗಳು ಒಟ್ಟಿಗೆ ಬಂದ ಮಕ್ಕಳಲ್ಲಿಯೂ ಸುಮಾರು ಮೂರರಲ್ಲೊಂದು ಪಾಲು ಸಮರ್ಥರಾಗಿ, ಕರುಣೆಯುಳ್ಳವರಾಗಿ ಬೆಳೆದಿದ್ದರು. ಅಂಥವರ ಬದುಕಿನಲ್ಲಿ ನಂಬಿಕೆಯಿಟ್ಟು ಜೊತೆಗೆ ನಿಂತ ಹಿರಿಯರೊಬ್ಬರಾದರೂ ಇದ್ದರು. ಎಷ್ಟೋ ಸಲ ಆ ಹಿರಿಯರು ಶಿಕ್ಷಕರೇ ಆಗಿದ್ದರು!

ಬಹುಕಾಲ ಯುವಜನರೊಡನೆ ದುಡಿದ ಒಬ್ಬರನ್ನು ಸಂದರ್ಶಿಸಿ ಬರೆಯಬೇಕೆಂಬ ಅಭ್ಯಾಸವೊಂದು ಮಗಳಿಗೆ ಬಂತು. ಅವಳು ನನ್ನನ್ನೇ ಕೂರಿಸಿಕೊಂಡು ಕೇಳಿದಳು, "ಅಪ್ಪಯ್ಯ, ನಿಮ್ಮ ಶಾಲೆಯಲ್ಲಿ ಓದು ಹತ್ತದ ಹುಡುಗನಿಗೆ ಮರ್ಯಾದೆ ಎಲ್ಲಿ ಸಿಗುತ್ತಿತ್ತು?"

ಉತ್ತರಿಸಲು ನನಗೆ ಎರಡು ದಿನ ಬೇಕಾಯಿತು. ನೆನಪಾದವನು ತೊಂಬತ್ತರ ದಶಕದ ಒಬ್ಬ ಶಿಷ್ಯ. ಎಸ್.ಎಸ್.ಎಲ್.ಸಿ.ಯಲ್ಲಿ ಮೂರು ವಿಷಯ ಹೋಗಿತ್ತು. ಆದರೆ ವಾರ್ಷಿಕೋತ್ಸವ ಬಂತೆಂದರೆ ರಂಗಮಂಟಪದ ಯಜಮಾನ ಅವನೇ. ಅಡಕೆ ದಬ್ಬೆ ಹೊಂದಿಸುವುದು, ಪರದೆ ಕಟ್ಟುವುದು, ಕರೆಂಟು ಹೋದರೆ ಗ್ಯಾಸ್‌ಲೈಟು ಹೊತ್ತಿಸಿ ನಾಟಕ ನಿಲ್ಲದಂತೆ ನೋಡಿಕೊಳ್ಳುವುದು. ಚಿತ್ರಕಲೆಯ ಮೇಷ್ಟರು ಉಗ್ರಾಣದ ಬೀಗದ ಕೈಯನ್ನೇ ಅವನಿಗೆ ಒಪ್ಪಿಸಿದ್ದರು. ಶಾಲೆಯ ಜವಾನರು ಗಂಟು ಹಾಕುವುದನ್ನು ಕಲಿಸಿದರು. ಪಕ್ಕದೂರಿನ ಭಾಗವತರೊಬ್ಬರು ಮೇಳದ ಚೌಕಿಗೆ ಕರೆದುಕೊಂಡು ಹೋಗುತ್ತಿದ್ದರು. ಇಂದು ಹೋಬಳಿಯಲ್ಲೆಲ್ಲ ಅವನ ಶಾಮಿಯಾನವೇ. ಶಾಲೆ ಬಿಟ್ಟ ಹುಡುಗರನ್ನು ಹುಡುಕಿ ಕೆಲಸಕ್ಕೆ ಇಟ್ಟುಕೊಳ್ಳುತ್ತಾನೆ.

ಮಗಳು ಕೂಡಲೇ ಒಂದು ಪಟ್ಟಿಯನ್ನು ತೋರಿಸಿದಳು. ಮಿನಿಯಾಪೊಲಿಸ್‌ನ 'ಸರ್ಚ್ ಇನ್‌ಸ್ಟಿಟ್ಯೂಟ್' ಎಂಬ ಸಂಸ್ಥೆ ಮಕ್ಕಳು ಬೆಳೆಯಲು ಬೇಕಾದ ನಲವತ್ತು ಆಸ್ತಿಗಳನ್ನು ಗುರುತಿಸಿದೆ. ಇಪ್ಪತ್ತು ಮಗುವಿನೊಳಗಿನವು, ಇಪ್ಪತ್ತು ಸುತ್ತಲಿನವರು ಒದಗಿಸಬೇಕಾದವು. ಅದರಲ್ಲೊಂದು, ತಂದೆತಾಯಿಯಲ್ಲದ ಮೂವರಾದರೂ ಹಿರಿಯರ ಆಸರೆ. ಮೇಷ್ಟರು, ಜವಾನರು, ಭಾಗವತರು ಎಂದು ನಾನು ಬೆರಳು ಮಡಿಚಿ ಎಣಿಸಿದೆ. ಲೆಕ್ಕ ಸರಿಯಾಗಿತ್ತು. ನಮ್ಮ ರಿಜಿಸ್ಟರಿನಲ್ಲಿ ಹಾಜರಿಗೆ, ಅಂಕಕ್ಕೆ, ನಡತೆಗೆ ಕಲಮುಗಳಿದ್ದವು. ಇದಕ್ಕೆ ಕಲಮು ಇರಲಿಲ್ಲ.

ಹಾಗೆಂದು ನಾನು ಸುಲಭವಾಗಿ ಒಪ್ಪಿಕೊಳ್ಳಲಿಲ್ಲ. ಒಂಬತ್ತನೆಯ ತರಗತಿಯಲ್ಲಿ ಮೊದಲಿಗಳಾಗಿದ್ದ ಒಬ್ಬ ಹುಡುಗಿಯ ಕಥೆಯನ್ನು ಅವಳಿಗೆ ಹೇಳಿದೆ. ಬೇಸಿಗೆ ರಜೆ ಮುಗಿದಾಗ ಆಕೆ ಬರಲಿಲ್ಲ, ಮದುವೆಯಾಗಿಬಿಟ್ಟಿತ್ತು. "ಐದು ಗುಣಗಳೂ ಅವಳಲ್ಲಿದ್ದುವಲ್ಲಮ್ಮ, ನಿನ್ನ ಶಾಸ್ತ್ರ ಏನು ಮಾಡುತ್ತದೆ?" ಎಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದಕ್ಕೇ ಅಪ್ಪಯ್ಯ, ಅರ್ಧ ಪಟ್ಟಿ ಊರಿನವರ ಹೊಣೆ. ಅಲ್ಲಿ ಮಗು ಅನುತ್ತೀರ್ಣವಾಗಿಲ್ಲ, ಊರು ಆಗಿದೆ" ಎಂದಳು. ಮಗುವಿನ ಗುಣಗಳನ್ನು ಹೊಗಳುತ್ತ ಊರಿನ ಹೊಣೆಯನ್ನು ಮರೆತರೆ ಈ ಶಾಸ್ತ್ರವೂ ಸಿಹಿಮಾತಾಗಿ ಉಳಿಯುತ್ತದೆ ಎಂಬುದರಲ್ಲಿ ನಮ್ಮಿಬ್ಬರಿಗೂ ಭಿನ್ನಾಭಿಪ್ರಾಯವಿಲ್ಲ. ನಲವತ್ತರ ಪಟ್ಟಿಯನ್ನು ಇನ್ನೊಂದು ಅಂಕಪಟ್ಟಿಯನ್ನಾಗಿ ಮಾಡುವ ಅಪಾಯವೂ ಇದೆ. ಅಂಕಪಟ್ಟಿ ಮಾಡುವುದರಲ್ಲಿ ನಾವು ಬಹು ನಿಪುಣರು.

ನಮ್ಮ ದೇಶದಲ್ಲಿ ಈ ವಿದ್ಯೆ ಇಲ್ಲವೆಂದಲ್ಲ. ಚೆನ್ನೈ ಸಮೀಪದ ಶ್ರೀಪೆರಂಬದೂರಿನಲ್ಲಿ 1993ರಿಂದಲೇ ರಾಜೀವ್ ಗಾಂಧಿ ರಾಷ್ಟ್ರೀಯ ಯುವಜನ ಅಭಿವೃದ್ಧಿ ಸಂಸ್ಥೆಯಿದೆ. ನಮ್ಮ ನಿಮ್ಹಾನ್ಸ್ ಸಂಸ್ಥೆಯು ರಾಜ್ಯ ಸರ್ಕಾರದೊಡನೆ ಸೇರಿ 'ಯುವ ಸ್ಪಂದನ' ಎಂಬ ಕಾರ್ಯಕ್ರಮವನ್ನು ರೂಪಿಸಿತು. ಆದರೆ ಮನೆಮನೆಯಲ್ಲಿ ಎಂಜಿನಿಯರಿಂಗ್ ಸೀಟಿನ ಮಾತು ನಡೆಯುವಾಗ ಇವುಗಳ ಹೆಸರು ಕೇಳಿಬರುವುದು ಅಪರೂಪ.

ಮಗಳು 2024ರಲ್ಲಿ ಪದವಿ ಪಡೆದಳು. ಶಾಲೆ ಬಿಟ್ಟ ಮೇಲೆ ಮಕ್ಕಳು ಸಂಜೆಯವರೆಗೆ ಕಳೆಯುವ ಕೇಂದ್ರವೊಂದರಲ್ಲಿ ಕೆಲಸ ಮಾಡುತ್ತಾಳೆ. ಸಂಬಳ ಮೊದಲಿನ ಅರ್ಧಕ್ಕಿಂತ ಕಡಿಮೆ. ಮನೆಯ ಸಾಲ ಇನ್ನೂ ಇದೆ. ಅಳಿಯಂದಿರು ಒಪ್ಪಿ ಭಾರ ಹೊತ್ತಿದ್ದಾರೆ. ಮೊಮ್ಮಗನಿಗೆ ಗಣಿತ ಈಗಲೂ ಕಷ್ಟವೇ. ಆದರೆ ಶನಿವಾರಗಳಂದು ಊರಿನ ಗ್ರಂಥಾಲಯದಲ್ಲಿ ಚಿಕ್ಕ ಮಕ್ಕಳಿಗೆ ಕಥೆ ಓದಿ ಹೇಳುತ್ತಾನೆ, ಅಲ್ಲಿಯ ವೃದ್ಧ ಗ್ರಂಥಪಾಲಕರೊಡನೆ ಗಂಟೆಗಟ್ಟಲೆ ಹರಟುತ್ತಾನೆ. ಕೋಣೆಯ ಬಾಗಿಲು ಕೆಲವು ದಿನ ತೆರೆದಿರುತ್ತದೆ, ಕೆಲವು ದಿನ ಮುಚ್ಚಿರುತ್ತದೆ. ಮುಚ್ಚಿದ ದಿನ ಅವಳು ಹೊರಗೆ ಕಾಯುತ್ತಾಳೆ.

ಪ್ರಿಯ ಶಿಷ್ಯರೇ, ನಿಮ್ಮಲ್ಲಿ ಹೆಚ್ಚಿನವರು ಈಗ ಹರೆಯದ ಮಕ್ಕಳ ತಂದೆತಾಯಿಯರು. ನಿಮ್ಮ ಮಗುವಿಗೆ ನೀವಲ್ಲದೆ ಇನ್ನಾವ ಮೂವರು ಹಿರಿಯರಿದ್ದಾರೆ ಎಂದು ಒಮ್ಮೆ ಎಣಿಸಿ ನೋಡಿ. ಸೋದರಮಾವನೋ ಅತ್ತೆಯೋ ಆಟದ ಮೇಷ್ಟರೋ, ಯಾರಾದರೂ ಸರಿ. ಲೆಕ್ಕ ಮೂರಕ್ಕೆ ಮುಟ್ಟದಿದ್ದರೆ ನೆಂಟರ ಮನೆಯ ಬಾಗಿಲು ತಟ್ಟಲು ಸಂಕೋಚ ಬೇಡ. ಹಾಗೆಯೇ ಬೇರೊಬ್ಬರ ಮಗುವಿಗೆ ನೀವೇ ಆ ಮೂರನೆಯವರಾಗಬೇಕಾಗಿದೆಯೇನೋ, ಅದನ್ನೂ ನೋಡಿ. ಎಲ್ಲರಿಗೂ ಒಳಿತಾಗಲಿ.