ಆಟವನ್ನು ಉಳಿಸುವುದು, ನಡೆಯನ್ನು ಅಳಿಸುವುದು

1972ರ ಆಗಸ್ಟ್ 31ರಂದು ಐಸ್‌ಲೆಂಡಿನ ರೇಕ್ಯಾವಿಕ್ ನಗರದಲ್ಲಿ ವಿಶ್ವ ಚದುರಂಗ ಪ್ರಶಸ್ತಿಯ ಇಪ್ಪತ್ತೊಂದನೆಯ ಆಟವು ಅಂದಿಗೆ ಮುಗಿಯಲಿಲ್ಲ. ಬೋರಿಸ್ ಸ್ಪಾಸ್ಕಿಯವರು ತಮ್ಮ ನಲವತ್ತೊಂದನೆಯ ನಡೆಯನ್ನು ಹಲಗೆಯ ಮೇಲೆ ಆಡದೆ, ಕಾಗದದಲ್ಲಿ ಬರೆದು, ಲಕೋಟೆಯಲ್ಲಿ ಮುಚ್ಚಿ ತೀರ್ಪುಗಾರರಿಗೆ ಒಪ್ಪಿಸಿದರು. ಮರುದಿನ ಅವರು ದೂರವಾಣಿಯ ಮೂಲಕ ಸೋಲೊಪ್ಪಿಕೊಂಡರು. ಬಾಬಿ ಫಿಷರ್ ವಿಶ್ವವಿಜೇತರಾದರು. ಗೆಲುವಿನ ಕಥೆಯನ್ನು ಜಗತ್ತು ನೆನಪಿಟ್ಟುಕೊಂಡಿದೆ. ಆ ಲಕೋಟೆಯಲ್ಲಿ ಅಡಗಿದ್ದ ನ್ಯಾಯವೂ ನೆನಪಿಡಬೇಕಾದುದೇ.

ಆಟವನ್ನು ನಾಳೆಗೆ ನಿಲ್ಲಿಸುವಾಗ ಯಾರಾದರೊಬ್ಬರ ಸರದಿ ಬಾಕಿ ಇದ್ದೇ ಇರುತ್ತದೆ. ನಡೆಯನ್ನು ಬಹಿರಂಗವಾಗಿ ಆಡಿದರೆ ಎದುರಾಳಿಗೆ ಉತ್ತರವನ್ನು ಚಿಂತಿಸಲು ಇಡೀ ರಾತ್ರಿ ದೊರೆಯುತ್ತದೆ. ಆಡದೆ ಬಿಟ್ಟರೆ ಆ ರಾತ್ರಿಯ ಲಾಭವು ಸರದಿಯವನಿಗೇ ಸೇರುತ್ತದೆ. ಬರೆದು ಮುಚ್ಚಿದ ನಡೆಯಾದರೋ ಇಬ್ಬರಿಗೂ ಸಮವಾದುದು: ಬರೆದವನು ಬದಲಿಸಲಾರ, ಎದುರಾಳಿಯು ಅರಿಯಲಾರ. ಗಣಕಯಂತ್ರಗಳು ಬಲಿಷ್ಠವಾಗಿ, ರಾತ್ರಿಯ ವಿಶ್ಲೇಷಣೆಯು ಯಂತ್ರದ ಕೈ ಸೇರತೊಡಗಿದ ಮೇಲೆ, 1990ರ ದಶಕದಲ್ಲಿ ಈ ಪದ್ಧತಿಯು ದೊಡ್ಡ ಪಂದ್ಯಗಳಿಂದ ಕ್ರಮೇಣ ಮರೆಯಾಯಿತು. ಆದರೆ ಅದು ಬಿಡಿಸಿದ ಸಮಸ್ಯೆಯು ಗಣಕಯಂತ್ರದ ಯುದ್ಧಕ್ರೀಡೆಗಳಲ್ಲಿ ಪುನಃ ತಲೆಯೆತ್ತಿತು.

ಸರದಿಯಂತೆ ಸೇನೆಗಳನ್ನು ನಡೆಸುವ ಈ ಆಟಗಳು ಒಂದು ಸಂಜೆಯಲ್ಲಿ ಮುಗಿಯುವಂಥವಲ್ಲ. ವಾರಗಳು, ಕೆಲವೊಮ್ಮೆ ತಿಂಗಳುಗಳೇ ಹಿಡಿಯುತ್ತವೆ. ಆಡುವವರು ಉದ್ಯೋಗ, ಸಂಸಾರ, ನಿದ್ರೆಗಳಿರುವ ಸಾಮಾನ್ಯ ಮನುಷ್ಯರು. ಆದುದರಿಂದ ಆಟದ ಸ್ಥಿತಿಯನ್ನು ಉಳಿಸಿಟ್ಟು ಮುಂದೆ ತೆರೆಯುವ ಅನುಕೂಲವು ಅವರಿಗೆ ಅನಿವಾರ್ಯ. ಆದರೆ ಉಳಿಸಿದ ಕಡತವು ಮುಂದಕ್ಕೆ ಹೋಗುವ ಬಾಗಿಲಾಗಿರುವಂತೆ ಹಿಂದಕ್ಕೆ ಹೋಗುವ ಬಾಗಿಲೂ ಆಗಿದೆ. ದಾಳಿಯು ವಿಫಲವಾದರೆ ಹಳೆಯ ಕಡತವನ್ನು ತೆರೆದು ಗೆಲ್ಲುವವರೆಗೆ ದಾಳ ಉರುಳಿಸಬಹುದು. ಶತ್ರುಪಡೆ ಅಡಗಿರುವ ಕಾಡನ್ನು ಒಮ್ಮೆ ಹೊಕ್ಕು ನೋಡಿ, ಏನೂ ನೋಡದವನಂತೆ ಹಿಂದಿರುಗಿ ಬೇರೆ ದಾರಿ ಹಿಡಿಯಬಹುದು. ಎದುರಾಳಿಗೆ ಅಂತಿಮ ನಡೆ ಮಾತ್ರ ಕಾಣುತ್ತದೆ. ಅದರ ಹಿಂದೆ ಅಳಿಸಿಹೋದ ಹತ್ತು ನಡೆಗಳು ಕಾಣುವುದಿಲ್ಲ.

ಇದನ್ನು ತಡೆಯಲು ಆಟಗಳನ್ನು ರಚಿಸುವವರು ಹಲವು ಉಪಾಯಗಳನ್ನು ಹೂಡಿದ್ದಾರೆ. ಮೊದಲನೆಯದು, ಮುಂದೆ ಬೀಳಲಿರುವ ದಾಳಗಳ ಕ್ರಮವನ್ನೇ ಕಡತದೊಳಗೆ ಸೇರಿಸಿಡುವುದು. 2005ರಲ್ಲಿ ಬಂದ ನಾಲ್ಕನೆಯ ‘ಸಿವಿಲೈಸೇಶನ್’ ಆಟದಲ್ಲಿ, ಆಡುವವರು ಬೇರೆ ನಿಯಮವನ್ನು ಆರಿಸಿಕೊಳ್ಳದಿದ್ದರೆ, ಕಡತವನ್ನು ಮತ್ತೆ ತೆರೆದು ಅದೇ ಕಾಳಗವನ್ನು ಹೂಡಿದಾಗ ಅದೇ ಫಲವೇ ಬರುತ್ತದೆ. ಆದರೂ ಚತುರನು ಅಲ್ಪಮೌಲ್ಯದ ಪಡೆಯನ್ನು ಮೊದಲು ಕಳುಹಿಸಿ ಕೆಟ್ಟ ದಾಳವನ್ನು ಅದರ ಪಾಲಿಗೆ ಹಾಕಿ, ಒಳ್ಳೆಯದನ್ನು ಮುಖ್ಯಸೇನೆಗೆ ಮೀಸಲಿಡಬಲ್ಲನು.

ಎರಡನೆಯದು, ಕಡತವನ್ನು ಆಟಗಾರರ ಕೈಗೆ ಕೊಡದೆ ಮೂರನೆಯ ಯಂತ್ರದಲ್ಲಿ ಇರಿಸುವುದು. ಇದೇ ಅತ್ಯಂತ ಭದ್ರವಾದ ಮಾರ್ಗ. ಆದರೆ ಆ ಯಂತ್ರವು ಕೆಟ್ಟರೆ ಎಲ್ಲರ ಶ್ರಮವೂ ಒಂದೇ ದಿನ ನಾಶವಾಗುತ್ತದೆ. ಅದರ ಒಡೆಯನೂ ಆಟಗಾರನೇ ಆಗಿದ್ದರೆ ಸಂಶಯವು ಮೊದಲಿದ್ದಲ್ಲಿಗೇ ಮರಳುತ್ತದೆ.

ಮೂರನೆಯ ಮಾರ್ಗವು ಗಣಿತದ್ದು. ಪರಸ್ಪರ ನಂಬದ ಇಬ್ಬರು ದೂರವಾಣಿಯಲ್ಲಿ ನಾಣ್ಯ ಚಿಮ್ಮುವುದು ಹೇಗೆಂಬುದನ್ನು ಮ್ಯಾನ್ಯುಯೆಲ್ ಬ್ಲಮ್ ಎಂಬ ವಿದ್ವಾಂಸರು 1981ರಲ್ಲಿ ತೋರಿಸಿಕೊಟ್ಟರು. ಅದೇ ತತ್ತ್ವದಂತೆ ಇಬ್ಬರು ಆಟಗಾರರೂ ಒಂದೊಂದು ಗುಪ್ತಸಂಖ್ಯೆಯನ್ನು ಆರಿಸಿ, ಮೊದಲು ಅದರ ಮುದ್ರೆಯನ್ನು ಮಾತ್ರ ವಿನಿಮಯ ಮಾಡಿಕೊಳ್ಳಬಹುದು. ಬಳಿಕ ಸಂಖ್ಯೆಗಳನ್ನು ಬಹಿರಂಗಪಡಿಸಿದಾಗ ಎರಡೂ ಸೇರಿ ದಾಳವಾಗುತ್ತದೆ. ಮುದ್ರೆಗೆ ಹೊಂದದ ಸಂಖ್ಯೆಯು ಒಡನೆ ಸಿಕ್ಕಿಬೀಳುತ್ತದೆ. ಇದು ರೇಕ್ಯಾವಿಕ್‌ನ ಲಕೋಟೆಯ ಹೊಸ ರೂಪವೆಂದರೆ ತಪ್ಪಾಗದು.

ಇಷ್ಟಾದರೂ ಒಂದು ಸಂದು ಉಳಿಯುತ್ತದೆ. ಸೋಲಲಿರುವುದನ್ನು ಕಂಡವನು ತನ್ನ ಲಕೋಟೆಯನ್ನು ತೆರೆಯದೆಯೇ ಎದ್ದುಹೋಗಬಹುದು, ವಿದ್ಯುತ್ತು ಹೋಯಿತೆನ್ನಬಹುದು. ವಿದ್ಯುತ್ತು ನಿಜವಾಗಿಯೂ ಹೋಗಿರಲೂಬಹುದು. ಸಂಪರ್ಕ ಕಡಿದುದನ್ನು ಯಂತ್ರವು ಬಲ್ಲುದು, ಕಡಿದವನ ಮನಸ್ಸನ್ನು ಅರಿಯದು. ಹಾಗೆ ಕಡಿದಾಗಲೆಲ್ಲ ಸೋಲೆಂದು ವಿಧಿಸಿದರೆ ಮೂರು ತಿಂಗಳು ಪ್ರಾಮಾಣಿಕವಾಗಿ ಆಡಿದವನು ಒಂದು ಮಳೆಯ ರಾತ್ರಿಗೆ ಬಲಿಯಾಗುತ್ತಾನೆ. ಯಾವಾಗಲೂ ಕ್ಷಮಿಸಿದರೆ ವಂಚಕನಿಗೆ ಪ್ರತಿದಿನವೂ ಮಳೆಗಾಲವೇ. ಬೀಗವನ್ನು ಬಿಗಿಗೊಳಿಸಿದಷ್ಟೂ ಪೆಟ್ಟು ಬೀಳುವುದು ಹೆಚ್ಚಾಗಿ ನಿರಪರಾಧಿಗೆ. ಕಳ್ಳನಾದರೋ ಬೇರೆ ಕಿಟಕಿಯನ್ನು ಹುಡುಕಿಕೊಳ್ಳುತ್ತಾನೆ.

ಲೆಕ್ಕಪತ್ರಗಳ ಹಳೆಯ ಶಿಸ್ತು ಇಲ್ಲಿ ದಾರಿ ತೋರಬಲ್ಲುದು. ಖಾತೆಯಲ್ಲಿ ತಪ್ಪು ಬರೆದ ಗುಮಾಸ್ತನು ಅದನ್ನು ಕೆರೆದು ಅಳಿಸುವಂತಿಲ್ಲ, ಹಾಳೆಯನ್ನು ಹರಿಯುವಂತಿಲ್ಲ. ಹಳೆಯ ಅಂಕಿ ಓದಲು ಬರುವಂತೆ ಗೆರೆ ಎಳೆದು, ಮಗ್ಗುಲಲ್ಲಿ ಸರಿಯಾದುದನ್ನು ಬರೆದು ರುಜು ಹಾಕಬೇಕು. ತಿದ್ದುವ ಹಕ್ಕಿದೆ; ಮರೆಮಾಚುವ ಹಕ್ಕಿಲ್ಲ. ಆಟದಲ್ಲಿಯೂ ಇದೇ ನ್ಯಾಯವು ಸಲ್ಲಬೇಕು. ಯಾರು ಬೇಕಾದರೂ ಉಳಿಸಲಿ, ಅಗತ್ಯ ಬಿದ್ದಾಗ ಮತ್ತೆ ತೆರೆಯಲಿ. ಆದರೆ ಎಷ್ಟು ಸಲ, ಯಾವ ಗಳಿಗೆಯಲ್ಲಿ, ಯಾವ ಕಾಳಗದ ಬಳಿಕ ತೆರೆದರೆಂಬುದು ಎದುರಾಳಿಯ ಪ್ರತಿಯಲ್ಲಿಯೂ ದಾಖಲಾಗಲಿ. ಒಮ್ಮೆ ತೆರೆದವನನ್ನು ಎದುರಾಳಿಯು ಸಹಜವಾಗಿ ಮನ್ನಿಸುವನು. ಪ್ರತಿ ಸೋಲಿನ ಬಳಿಕವೂ ತೆರೆದವನನ್ನು ಆ ಪಟ್ಟಿಯೇ ಬಯಲುಮಾಡುವುದು. ತೀರ್ಪು ಯಂತ್ರದ್ದಾಗದೆ ಜೊತೆಗೆ ಆಡುವ ಮನುಷ್ಯರದ್ದಾಗುವುದು.

ಉಳಿಸುವುದಕ್ಕೂ ಅಳಿಸುವುದಕ್ಕೂ ನಡುವೆ ಇರುವ ಅಂತರ ಇಷ್ಟೇ. ಮೊದಲನೆಯದು ಮನುಷ್ಯನ ಬಿಡುವಿಲ್ಲದ ಬದುಕಿಗೆ ತೋರುವ ಕರುಣೆ; ಎರಡನೆಯದು ಎದುರು ಕುಳಿತವನ ಬದುಕಿನ ಸಮಯವನ್ನು ಕದಿಯುವ ಕಳವು. ಕನ್ನಡದಲ್ಲಿ ‘ನಡೆ’ ಎಂಬ ಮಾತು ಕಾಯಿಯ ಚಲನೆಗೂ ಸಲ್ಲುತ್ತದೆ, ಮನುಷ್ಯನ ವರ್ತನೆಗೂ ಸಲ್ಲುತ್ತದೆ. ಆಡುವವನು ಇವೆರಡನ್ನೂ ಒಂದಾಗಿಸಿಕೊಂಡಿದ್ದರೆ ಲಕೋಟೆಗೆ ಬಲವಾದ ಅಂಟು ಬೇಕಾಗಲಾರದು.